ತುರ್ತು ಗರ್ಭನಿರೋಧಕ ಬಳಕೆಯ ಸಮೀಕ್ಷಾ ಮಾಪನ

ತುರ್ತು ಗರ್ಭನಿರೋಧಕ ಬಳಕೆಯ ಸಮೀಕ್ಷಾ ಮಾಪನ ಎಂದರೆ, ಅಸುರಕ್ಷಿತ ಲೈಂಗಿಕ ಸಂಪರ್ಕದ ನಂತರ ಗರ್ಭಧಾರಣೆಯನ್ನು ತಡೆಯುವ ವಿಧಾನಗಳನ್ನು ಒಂದು ದೇಶದ ಅಥವಾ ಪ್ರದೇಶದ ಎಷ್ಟು ಮಹಿಳೆಯರು ಬಳಸಿದ್ದಾರೆ ಎಂಬುದನ್ನು ಮಾದರಿ ಸಮೀಕ್ಷೆಗಳ ಮೂಲಕ ಅಂದಾಜಿಸುವ ಕ್ರಮ. ಇತರ ಗರ್ಭನಿರೋಧಕಗಳಂತೆ ಇದನ್ನು ನಿರಂತರವಾಗಿ ಬಳಸುವುದಿಲ್ಲ. ಆದ್ದರಿಂದ ಸಾಮಾನ್ಯ ಸಮೀಕ್ಷೆಗಳ ಪ್ರಶ್ನೆಗಳು ಇದರ ಬಳಕೆಯನ್ನು ವಾಸ್ತವಕ್ಕಿಂತ ಕಡಿಮೆಯಾಗಿ ತೋರಿಸುವ ಸಾಧ್ಯತೆ ಇರುತ್ತದೆ.

ಹಿನ್ನೆಲೆ

ತುರ್ತು ಗರ್ಭನಿರೋಧಕಗಳಲ್ಲಿ ಹೆಚ್ಚು ಪ್ರಚಲಿತವಾದುದು ಲೆವೊನಾರ್ಜೆಸ್ಟ್ರೆಲ್ ಮಾತ್ರೆ. ಇದನ್ನು 1.5 ಮಿಲಿಗ್ರಾಂನ ಒಂದೇ ಪ್ರಮಾಣದಲ್ಲಿ ಅಥವಾ 0.75 ಮಿಲಿಗ್ರಾಂನ ಎರಡು ಪ್ರಮಾಣಗಳಲ್ಲಿ ಸೇವಿಸಲಾಗುತ್ತದೆ. ಸಂಪರ್ಕದ ನಂತರ 72 ಗಂಟೆಗಳೊಳಗೆ, ಸಾಧ್ಯವಾದಷ್ಟು ಬೇಗ ಸೇವಿಸಿದಷ್ಟೂ ಪರಿಣಾಮ ಹೆಚ್ಚು. ಯುಲಿಪ್ರಿಸ್ಟಲ್ ಅಸಿಟೇಟ್ ಮಾತ್ರೆಯನ್ನು 120 ಗಂಟೆಗಳವರೆಗೆ ಬಳಸಬಹುದು. ತಾಮ್ರದ ವಂಕಿಯನ್ನು (ಕಾಪರ್-ಟಿ) ಐದು ದಿನಗಳೊಳಗೆ ಅಳವಡಿಸಬಹುದು. ಈ ಮಾತ್ರೆಗಳು ಮುಖ್ಯವಾಗಿ ಅಂಡೋತ್ಸರ್ಗವನ್ನು ತಡೆಯುತ್ತವೆ ಅಥವಾ ಮುಂದೂಡುತ್ತವೆ. ಈಗಾಗಲೇ ನೆಲೆಗೊಂಡ ಗರ್ಭವನ್ನು ತೆಗೆಯುವುದಿಲ್ಲ. 2012ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ಮಹಿಳೆಯರ ಮತ್ತು ಮಕ್ಕಳ ಜೀವರಕ್ಷಣೆಗೆ ಅಗತ್ಯವೆಂದು ಗುರುತಿಸಿದ 13 ಸಾಮಗ್ರಿಗಳಲ್ಲಿ ತುರ್ತು ಗರ್ಭನಿರೋಧಕವೂ ಸೇರಿದೆ.

ಅಳತೆಯ ಸೂಚಕಗಳು

ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸೂಚಕಗಳು ಬಳಕೆಯಲ್ಲಿವೆ.

ಅರಿವು: ಈ ವಿಧಾನದ ಬಗ್ಗೆ ಕೇಳಿದ್ದಾರೆಯೇ ಎಂಬುದು.
ಜೀವಿತಾವಧಿಯ ಬಳಕೆ: ಎಂದಾದರೂ ಒಮ್ಮೆ ಬಳಸಿದ್ದಾರೆಯೇ ಎಂಬುದು.
ಇತ್ತೀಚಿನ ಬಳಕೆ: ಕಳೆದ 12 ತಿಂಗಳಂತಹ ನಿಗದಿತ ಅವಧಿಯಲ್ಲಿ ಬಳಸಿದ್ದಾರೆಯೇ ಎಂಬುದು.
ಪ್ರಸ್ತುತ ಬಳಕೆ: ಸಂದರ್ಶನದ ಸಮಯದಲ್ಲಿ ಅನುಸರಿಸುತ್ತಿರುವ ವಿಧಾನ ಯಾವುದು ಎಂಬುದು.

ಒಂದೇ ಜನಸಮುದಾಯದಲ್ಲಿ ಈ ನಾಲ್ಕೂ ಭಿನ್ನ ಫಲಿತಾಂಶ ನೀಡುತ್ತವೆ. ಆರು ತಿಂಗಳ ಹಿಂದೆ ಮಾತ್ರೆ ಸೇವಿಸಿದ ಮಹಿಳೆ ಎರಡನೆಯ ಮತ್ತು ಮೂರನೆಯ ಸೂಚಕಗಳಲ್ಲಿ ಎಣಿಕೆಗೆ ಬರುತ್ತಾಳೆ, ನಾಲ್ಕನೆಯದರಲ್ಲಿ ಬರುವುದಿಲ್ಲ. ಛೇದವೂ ಮುಖ್ಯ. ಎಲ್ಲ ಮಹಿಳೆಯರು, ವಿವಾಹಿತರು, ಲೈಂಗಿಕ ಅನುಭವವುಳ್ಳವರು ಎಂಬ ಭಿನ್ನ ಗುಂಪುಗಳ ಆಧಾರದ ಮೇಲೆ ಲೆಕ್ಕಹಾಕಿದ ಶೇಕಡಾವಾರುಗಳನ್ನು ನೇರವಾಗಿ ಹೋಲಿಸಲಾಗದು.

ಪ್ರಮುಖ ಸಮೀಕ್ಷೆಗಳು

ಅಮೆರಿಕ ಸಂಯುಕ್ತ ಸಂಸ್ಥಾನ: 1973ರಲ್ಲಿ ಆರಂಭವಾದ ರಾಷ್ಟ್ರೀಯ ಕುಟುಂಬ ಬೆಳವಣಿಗೆ ಸಮೀಕ್ಷೆಯು ಜೀವಿತಾವಧಿಯ ಬಳಕೆಯನ್ನು ದಾಖಲಿಸುತ್ತದೆ. 2006–2010ರ ಸುತ್ತಿನಲ್ಲಿ 12,279 ಮಹಿಳೆಯರನ್ನು ಸಂದರ್ಶಿಸಲಾಯಿತು. ಲೈಂಗಿಕ ಅನುಭವವುಳ್ಳ 15–44 ವಯಸ್ಸಿನ ಮಹಿಳೆಯರಲ್ಲಿ ಶೇ. 11ರಷ್ಟು, ಅಂದರೆ ಸುಮಾರು 58 ಲಕ್ಷ ಮಂದಿ, ಒಮ್ಮೆಯಾದರೂ ತುರ್ತು ಗರ್ಭನಿರೋಧಕ ಬಳಸಿದ್ದರೆಂದು ಅಂದಾಜಿಸಲಾಯಿತು. 2002ರಲ್ಲಿ ಈ ಪ್ರಮಾಣ ಶೇ. 4.2 ಆಗಿತ್ತು. ಬಳಸಿದವರಲ್ಲಿ ಶೇ. 59ರಷ್ಟು ಮಂದಿ ಒಮ್ಮೆ ಮಾತ್ರ ಬಳಸಿದ್ದರು. ಇದರ ನಡುವೆ, 2006ರಲ್ಲಿ 18 ವರ್ಷ ತುಂಬಿದವರಿಗೆ ವೈದ್ಯರ ಚೀಟಿಯಿಲ್ಲದೆ ಮಾತ್ರೆ ಕೊಳ್ಳಲು ಅನುಮತಿ ದೊರೆತಿತ್ತು.

ಬ್ರಿಟನ್: 2001ರಲ್ಲಿ ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಗಳಲ್ಲಿ ಮಾರಾಟ ಆರಂಭವಾದಾಗ, ಇದರಿಂದ ಬಳಕೆ ವಿಪರೀತವಾಗಿ ಹೆಚ್ಚಬಹುದು ಎಂಬ ಆತಂಕ ವ್ಯಕ್ತವಾಗಿತ್ತು. 16–49 ವಯಸ್ಸಿನ ಮಹಿಳೆಯರಲ್ಲಿ ಬಳಕೆಯ ಪ್ರಮಾಣ 2000ದಲ್ಲಿ ಶೇ. 8.4, 2001ರಲ್ಲಿ ಶೇ. 7.9 ಮತ್ತು 2002ರಲ್ಲಿ ಶೇ. 7.2 ಎಂದು ಪುನರಾವರ್ತಿತ ಸಮೀಕ್ಷೆಗಳು ತೋರಿಸಿದವು. ಬದಲಾದದ್ದು ಮಾತ್ರೆ ಪಡೆಯುವ ಸ್ಥಳ: ವೈದ್ಯರಿಂದ ಪಡೆಯುವವರು ಕಡಿಮೆಯಾಗಿ, ಅಂಗಡಿಯಲ್ಲಿ ಕೊಳ್ಳುವವರು ಹೆಚ್ಚಿದರು. ಕೇವಲ ಅಂಗಡಿಗಳ ಮಾರಾಟದ ಅಂಕಿಅಂಶ ನೋಡಿದ್ದರೆ ಬಳಕೆಯೇ ಏರಿತೆಂಬ ತಪ್ಪು ತೀರ್ಮಾನಕ್ಕೆ ಬರುವ ಅವಕಾಶವಿತ್ತು.

ಭಾರತ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಎರಡು ಸುತ್ತುಗಳಲ್ಲಿ (1992–93, 1998–99) ವಿವಾಹವಾಗಿದ್ದ ಮಹಿಳೆಯರನ್ನು ಮಾತ್ರ ಸಂದರ್ಶಿಸಲಾಗಿತ್ತು. 2005–06ರ ಮೂರನೆಯ ಸುತ್ತಿನಿಂದ ಅವಿವಾಹಿತ ಮಹಿಳೆಯರನ್ನೂ ಪುರುಷರನ್ನೂ ಸೇರಿಸಲಾಯಿತು. ಆ ಸುತ್ತಿನಲ್ಲಿ ಸುಮಾರು ಶೇ. 11ರಷ್ಟು ಮಹಿಳೆಯರಿಗೆ ಮತ್ತು ಶೇ. 20ರಷ್ಟು ಪುರುಷರಿಗೆ ಮಾತ್ರ ತುರ್ತು ಗರ್ಭನಿರೋಧಕದ ಅರಿವಿತ್ತು. 2019–21ರ ಐದನೆಯ ಸುತ್ತಿನಲ್ಲಿ 7,24,115 ಮಹಿಳೆಯರು ಭಾಗವಹಿಸಿದ್ದರು. ಆದರೆ ರಾಜ್ಯ ಮತ್ತು ಜಿಲ್ಲಾ ಮಟ್ಟದ ಸಂಕ್ಷಿಪ್ತ ವರದಿಗಳು ಸಂತಾನಹರಣ ಶಸ್ತ್ರಚಿಕಿತ್ಸೆ, ವಂಕಿ, ಮಾತ್ರೆ, ಕಾಂಡೋಮ್ ಮತ್ತು ಚುಚ್ಚುಮದ್ದುಗಳ ಅಂಕಿಗಳನ್ನು ನೀಡುತ್ತವೆಯೇ ಹೊರತು ತುರ್ತು ಗರ್ಭನಿರೋಧಕವನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ.

ಮಾಪನದ ತೊಡಕುಗಳು

ವಿಧಾನಗಳ ಶ್ರೇಣಿ: ಒಬ್ಬ ಮಹಿಳೆ ಒಂದಕ್ಕಿಂತ ಹೆಚ್ಚು ವಿಧಾನಗಳನ್ನು ಹೇಳಿದರೆ, ವರದಿಯಲ್ಲಿ ಹೆಚ್ಚು ಪರಿಣಾಮಕಾರಿಯಾದುದನ್ನು ಮಾತ್ರ ಎಣಿಸುವುದು ವಾಡಿಕೆ. ಕಾಂಡೋಮ್ ಹರಿದಾಗ ತುರ್ತು ಮಾತ್ರೆ ಸೇವಿಸಿದವಳು ಕಾಂಡೋಮ್ ಬಳಕೆದಾರಳೆಂದಷ್ಟೇ ದಾಖಲಾಗಬಹುದು.

ಹೆಸರಿನ ಗೊಂದಲ: ತುರ್ತು ಮಾತ್ರೆಯನ್ನು ದಿನನಿತ್ಯದ ಗರ್ಭನಿರೋಧಕ ಮಾತ್ರೆ ಅಥವಾ ಗರ್ಭಪಾತದ ಮಾತ್ರೆಯೆಂದು ತಪ್ಪಾಗಿ ತಿಳಿಯುವುದುಂಟು. ಇದನ್ನು ನಿವಾರಿಸಲು ಸಂದರ್ಶಕರು ವಿಧಾನವನ್ನು ವಿವರಿಸಿ ಪ್ರಶ್ನೆ ಕೇಳುತ್ತಾರೆ. ಮಾರುಕಟ್ಟೆಯ ಹೆಸರುಗಳನ್ನು ಹೇಳುವುದು ಅಥವಾ ಪೊಟ್ಟಣದ ಚಿತ್ರ ತೋರಿಸುವುದು ಇತರ ಉಪಾಯಗಳು.

ಸಂಕೋಚ ಮತ್ತು ಗೋಪ್ಯತೆ: ಮನೆಯವರು ಸಮೀಪದಲ್ಲಿರುವಾಗ, ವಿಶೇಷವಾಗಿ ಅವಿವಾಹಿತ ಯುವತಿಯರು, ಬಳಕೆಯನ್ನು ಮರೆಮಾಚಬಹುದು. ಕಿವಿಗೆ ಹಾಕಿದ ಹೆಡ್‌ಫೋನ್‌ನಲ್ಲಿ ಪ್ರಶ್ನೆ ಕೇಳಿ ಗಣಕಯಂತ್ರದಲ್ಲಿ ತಾವೇ ಉತ್ತರ ದಾಖಲಿಸುವ ವ್ಯವಸ್ಥೆ ಈ ಹಿಂಜರಿಕೆಯನ್ನು ಕಡಿಮೆ ಮಾಡಬಲ್ಲದು.

ನೆನಪಿನ ದೋಷ: ಒಂದೆರಡು ಬಾರಿಯ ಬಳಕೆ ಮರೆತುಹೋಗಬಹುದು, ಹಳೆಯ ಘಟನೆಯನ್ನು ಇತ್ತೀಚಿನದೆಂದು ಹೇಳುವುದೂ ಸಂಭವನೀಯ.

ಸಣ್ಣ ಸಂಖ್ಯೆಗಳು: ಬಳಕೆ ಶೇ. 0.5 ಇದ್ದರೆ 10,000 ಮಹಿಳೆಯರ ಸರಳ ಯಾದೃಚ್ಛಿಕ ಮಾದರಿಯಲ್ಲಿ ಸುಮಾರು 50 ಮಂದಿ ಮಾತ್ರ ದೊರೆಯುತ್ತಾರೆ. ಆಗ ಶೇ. 95ರ ವಿಶ್ವಾಸಾಂತರ ಸುಮಾರು 0.36ರಿಂದ 0.64ರವರೆಗೆ ಇರುತ್ತದೆ. ಜಿಲ್ಲೆ ಅಥವಾ ವಯೋಮಾನದ ಮಟ್ಟಕ್ಕೆ ಇಳಿದಂತೆ ಅಂದಾಜು ಇನ್ನಷ್ಟು ಅನಿಶ್ಚಿತವಾಗುತ್ತದೆ.

ಪೂರಕ ಆಕರಗಳು

ಔಷಧಿ ಮಾರಾಟ ಮತ್ತು ಸರ್ಕಾರಿ ವಿತರಣೆಯ ದಾಖಲೆಗಳು ಎಷ್ಟು ಮಾತ್ರೆಗಳು ಹೊರಹೋದವು ಎಂಬುದನ್ನು ತಿಳಿಸುತ್ತವೆ. ಆದರೆ ಒಬ್ಬಳೇ ಐದು ಬಾರಿ ಬಳಸಿದಳೋ, ಐವರು ಒಮ್ಮೊಮ್ಮೆ ಬಳಸಿದರೋ ಎಂಬುದು ಅವುಗಳಿಂದ ತಿಳಿಯದು. ಮಾತ್ರೆಯನ್ನು ಕೊಂಡವರೇ ಸೇವಿಸಿದವರಾಗಿರಬೇಕೆಂದೂ ಇಲ್ಲ.

ಮಹತ್ವ

ಸಮೀಕ್ಷೆಯಲ್ಲಿ ಕಾಣದ ಬಳಕೆ ಯೋಜನೆಯಲ್ಲೂ ಕಾಣದೆ ಹೋಗುವ ಅಪಾಯವಿದೆ. ಪ್ರಸ್ತುತ ಬಳಕೆಯ ಅಂಕಿಯೊಂದನ್ನೇ ಆಧರಿಸಿದರೆ ಬೇಡಿಕೆ ಇಲ್ಲವೆಂದು ಭಾವಿಸಿ ಮಾತ್ರೆಗಳ ಖರೀದಿ ಮತ್ತು ಮಾಹಿತಿ ಪ್ರಸಾರವನ್ನು ಕಡೆಗಣಿಸಬಹುದು. ಜೀವಿತಾವಧಿಯ ಬಳಕೆಯನ್ನು ಮಾತ್ರ ನೋಡಿದರೆ ಒಂದು ಬಾರಿಯ ಬಳಕೆಯೂ ನಿತ್ಯದ ರೂಢಿಯಂತೆ ತೋರಬಹುದು. ಹೀಗಾಗಿ ನಿಗದಿತ ಅವಧಿಯ ಬಳಕೆ, ಬಳಕೆಯ ಆವರ್ತನ ಮತ್ತು ಕಾರಣಗಳನ್ನು ಒಟ್ಟಿಗೆ ಕೇಳಿ, ಛೇದವನ್ನು ಸ್ಪಷ್ಟವಾಗಿ ನಮೂದಿಸುವ ಸಮೀಕ್ಷೆಗಳು ಹೆಚ್ಚು ಉಪಯುಕ್ತವಾಗಿವೆ.