‘ಟೈಮೇ ಇಲ್ಲ’ ಅನ್ನೋರಿಗೆ ಸವಣೂರಿನ ಒಂದು ಲೆಕ್ಕ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ನಮ್ಮ ನಾಲ್ಕು ತಾಲ್ಲೂಕುಗಳ ಇತಿಹಾಸ ಸರಣಿ. ಇವತ್ತು ಸವಣೂರಿನ ಸರದಿ.

ಸವಣೂರು ಅಂದ್ರೆ ಖಾರಾ, ವೀಳ್ಯದೆಲೆ ನೆನಪಾಗುತ್ತೆ. ವಿ.ಕೃ. ಗೋಕಾಕರು ಹುಟ್ಟಿದ್ದೂ ಇದೇ ಊರಲ್ಲಿ, 1909ರಲ್ಲಿ.

ಅವರಿಗೆ ಬರವಣಿಗೆ ಒಂದೇ ಕೆಲಸ ಇತ್ತು ಅಂದ್ಕೋಬೇಡಿ. ಕಾಲೇಜುಗಳಲ್ಲಿ ಪ್ರಾಂಶುಪಾಲರು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ನೌಕರಿಯ ನಡುವೆಯೇ ಬಂದ ‘ದ್ಯಾವಾಪೃಥಿವೀ’ಗೆ 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 70 ದಾಟಿದ ಮೇಲೆ ಭಾಷಾ ಸಮಿತಿಯ ಅಧ್ಯಕ್ಷತೆ. ಗೋಕಾಕ್ ಚಳವಳಿಗೆ ಹೆಸರು ಬಂದಿದ್ದೇ ಆ ವರದಿಯಿಂದ. 1990ರ ಜ್ಞಾನಪೀಠವೂ ಅವರಿಗೇ. ಮಹಾಕಾವ್ಯ ‘ಭಾರತ ಸಿಂಧುರಶ್ಮಿ’ಯಂತೂ ಸುಮಾರು 35,000 ಸಾಲು!

ಲೆಕ್ಕ ಹಾಕಿ ನೋಡಿ. ದಿನಕ್ಕೆ 10 ಸಾಲು ಬರೆದರೆ 3,500 ದಿನ. ಒಂದು ದಿನವೂ ತಪ್ಪದೆ ಒಂಬತ್ತೂವರೆ ವರ್ಷ! ‘ಪುರುಸೊತ್ತು ಸಿಕ್ಕಾಗ ನೋಡೋಣ’ ಅನ್ನೋರಿಂದ ಮುಗಿಯೋ ಕೆಲಸ ಅಲ್ಲ ಇದು.

ನಾನೂ ಅಜ್ಜನ ಬಾಯಿಂದ ಊರಿನ ಕಥೆ ಕೇಳಿ ಬರ್ಕೋಬೇಕು ಅಂತಿದ್ದೆ. ‘ಈ ವಾರ ಬೇಡ, ಮುಂದಿನ ವಾರ’ ಅಂತ ಮೂರು ವರ್ಷ ಕಳೆದೆ. ಅಜ್ಜ ಹೋಗಿಬಿಟ್ರು. ನೆನಪಿರೋದಷ್ಟನ್ನ ಈಗ ದಿನಾ ರಾತ್ರಿ 10 ಸಾಲು ಬರೀತಿದ್ದೀನಿ. ಈ ಸರಣಿ ಶುರುವಾಗಿದ್ದೂ ಹಾಗೇ.

ನೀವು ಮುಂದೂಡ್ತಾ ಬಂದಿರೋ ಕೆಲಸ ಯಾವುದು? ಕಾಮೆಂಟಲ್ಲಿ ಬರೀರಿ. ಇವತ್ತೇ ಶುರು ಮಾಡಿ.

#ಸವಣೂರು #ಗೋಕಾಕ್ #ನಮ್ಮಹಾವೇರಿ