ರಕ್ತಸಾಕ್ಷಿ

ಪ್ರಾಣ ಕೊಟ್ಟವರನ್ನು ಕಲಬುರಗಿ, ಕಮಲಾಪುರದ ಕನ್ನಡಿಗರು ‘ಹುತಾತ್ಮ’ ಎನ್ನುತ್ತಾರೆ. ಉರ್ದು ಮನೆಗಳಲ್ಲಿ ಅದು ‘ಶಹೀದ್’. 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಕ್ಷೇತ್ರದ ಕಥೋಲಿಕರಿಗೆ ಇನ್ನೊಂದು ಪದವಿದೆ: ರಕ್ತಸಾಕ್ಷಿ.

‘ಸಾಕ್ಷಿ’ಯೊಳಗೆ ಸಂಸ್ಕೃತದ ‘ಅಕ್ಷಿ’ ಇದೆ; ಕಣ್ಣಾರೆ ಕಂಡವನು ಎಂದರ್ಥ. ಗ್ರೀಕಿನ ‘ಮಾರ್ತುಸ್’ ಕೂಡ ಮೊದಲು ನ್ಯಾಯಸ್ಥಾನದ ಸಾಕ್ಷಿಯೇ. ರೋಮನ್ ಅಧಿಕಾರಿಗಳ ಮುಂದೆ ನಂಬಿಕೆ ಬಿಡದೆ ಸತ್ತವರಿಗೆ ಆ ಹೆಸರು ಆಮೇಲೆ ನಿಂತಿತು. ಅರಬ್ಬಿಯ ‘ಶಹೀದ್’ನ ಬೇರೂ ಸಾಕ್ಷಿ ನುಡಿಯುವುದೇ. ಹುತಾತ್ಮನ ದಾರಿ ಬೇರೆ: ತನ್ನನ್ನೇ ಹೋಮಕ್ಕೆ ಅರ್ಪಿಸಿದವನು. ಒಂದೇ ಸೀಮೆಯ ಮೂರು ಪದಗಳಲ್ಲಿ ಎರಡು ಹೀಗೆ ಒಳಗೊಳಗೇ ನಂಟರಾಗಿರುವುದು ಎಷ್ಟು ಸೊಗಸು!

ರಕ್ತಸಾಕ್ಷಿ ಎಂಬ ಪದದ ತೂಕ ತಿಳಿಯಲು ಸಂತ ದೇವಸಹಾಯಂ ಪಿಳ್ಳೆಯವರನ್ನು ನೆನೆಯಬೇಕು. ತಿರುವಾಂಕೂರು ಅರಮನೆಯ ಅಧಿಕಾರಿಯಾಗಿದ್ದ ಅವರು 1745ರಲ್ಲಿ ಜ್ಞಾನಸ್ನಾನ ಪಡೆದು ಕ್ರೈಸ್ತರಾದರು. ಮುಂದೆ ಸೆರೆ, ಚಿತ್ರಹಿಂಸೆ. ಎದುರಿಗೆ ಇಡೀ ರಾಜ್ಯಾಧಿಕಾರ. ಕೈಯಲ್ಲಿ ಪ್ರಾರ್ಥನೆ ಬಿಟ್ಟರೆ ಬೇರೆ ಆಸರೆಯಿಲ್ಲ. ಆದರೂ ನಂಬಿಕೆ ಬಿಡಲಿಲ್ಲ. 1752ರ ಜನವರಿ 14ರಂದು ಅವರನ್ನು ಗುಂಡಿಕ್ಕಿ ಕೊಂದರು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರು ದೇವಸಹಾಯಂ ಅವರನ್ನು ಸಂತರೆಂದು ಘೋಷಿಸಿದರು.

ಮಲಯಾಳದಲ್ಲಿ ‘ರಕ್ತಸಾಕ್ಷಿ’ ಪದ ರಾಜಕೀಯ ಪಕ್ಷಗಳ ಬ್ಯಾನರಿನವರೆಗೂ ಹೋಗಿದೆ. ಕನ್ನಡದಲ್ಲಿ ಹೆಚ್ಚಾಗಿ ಚರ್ಚಿನೊಳಗಿನ ಮಾತು. ರಕ್ತಸಾಕ್ಷಿಗಳ ಹಬ್ಬದಂದು ಗುರುಗಳು ಕೆಂಪು ಪೂಜಾವಸ್ತ್ರ ತೊಟ್ಟು ಬಲಿಪೂಜೆ ಅರ್ಪಿಸುತ್ತಾರೆ.