ಕುಡಿದವನ ಸಾಕ್ಷ್ಯಕ್ಕೆ ತೂಕವಿದೆಯೇ?

ಎರಡನೆಯ ಖಲೀಫಾ ಉಮರ್(ರ)ರ ಆಡಳಿತ ಕಾಲದಲ್ಲಿ, ಅಂದರೆ ಕ್ರಿ.ಶ. 634ರಿಂದ 644ರ ನಡುವೆ, ಬಹ್ರೈನ್‌ನಿಂದ ಮದೀನಕ್ಕೆ ಒಂದು ದೂರು ಬಂತು. ಅಲ್ಲಿನ ರಾಜ್ಯಪಾಲ ಕುದಾಮ ಬಿನ್ ಮಝ್‌ಊನ್ ಮದ್ಯಪಾನ ಮಾಡಿದ್ದಾರೆ ಎಂಬುದೇ ದೂರು. ಆರೋಪಿ ಸಾಮಾನ್ಯ ವ್ಯಕ್ತಿಯಲ್ಲ. ಬದ್ರ್ ಯುದ್ಧದಲ್ಲಿ ಭಾಗವಹಿಸಿದ ಸಹಾಬಿ, ಖಲೀಫರ ಪತ್ನಿಯ ಸಹೋದರ. ದೂರು ತಂದವರು ಅಬ್ದುಲ್ ಕೈಸ್ ಗೋತ್ರದ ಮುಖಂಡ ಜಾರೂದ್. ಅವರ ಪರ ಸಾಕ್ಷಿ ಹೇಳಿದವರು ಅಬೂ ಹುರೈರ(ರ). ಕುದಾಮ ಕುಡಿಯುವುದನ್ನು ತಾನು ಕಂಡಿಲ್ಲ, ಅಮಲೇರಿ ವಾಂತಿ ಮಾಡುತ್ತಿದ್ದುದನ್ನು ಮಾತ್ರ ಕಂಡಿದ್ದೇನೆ ಎಂದು ಅವರು ಹೇಳಿದರು. ನೀವು ಸಾಕ್ಷ್ಯದಲ್ಲಿ ತೀರಾ ಸೂಕ್ಷ್ಮಕ್ಕಿಳಿದಿರಿ ಎಂದರು ಖಲೀಫಾ. ಶಿಕ್ಷೆ ಜಾರಿ ಮಾಡಿ ಎಂದು ಜಾರೂದ್ ಒತ್ತಾಯಿಸಿದಾಗ ಉಮರ್(ರ) ಕೇಳಿದ ಪ್ರಶ್ನೆ: ನೀವು ಕಕ್ಷಿದಾರರೋ, ಸಾಕ್ಷಿಯೋ? ಸಾಕ್ಷಿ ಎಂದರು ಜಾರೂದ್. ಹಾಗಾದರೆ ಸಾಕ್ಷ್ಯ ಹೇಳಿಯಾಯಿತಲ್ಲ ಎಂಬುದು ಉತ್ತರ. ಕೊನೆಗೆ ಕುದಾಮರ ಪತ್ನಿಯನ್ನೇ ಕೇಳಲಾಯಿತು. ಅವರು ಪತಿಯ ವಿರುದ್ಧ ಸಾಕ್ಷ್ಯ ನುಡಿದರು. ಶಿಕ್ಷೆಯಾಯಿತು.

ಕಂಡದ್ದು ಬೇರೆ, ಊಹಿಸಿದ್ದು ಬೇರೆ ಎಂಬ ವಿವೇಕ ಈ ಪ್ರಸಂಗದ ಜೀವಾಳ. ಸಾಕ್ಷಿ ಎಂಬ ಸಂಸ್ಕೃತ ಪದದ ಒಳಗೆ ಕಣ್ಣಿದೆ. ಶಾಹಿದ್ ಎಂಬ ಅರಬಿ ಪದದ ಅರ್ಥ ಸ್ಥಳದಲ್ಲಿ ಹಾಜರಿದ್ದವನು ಎಂದು. ಎರಡು ಭಾಷೆಗಳೂ ಒಂದನ್ನೇ ಹೇಳುತ್ತಿವೆ. ಆದರೆ ಇಲ್ಲಿ ಸಾಕ್ಷಿಗಳು ಕುಡಿದವರಾಗಿರಲಿಲ್ಲ. ಕಣ್ಣಾರೆ ಕಂಡವನೇ ಕುಡಿದಿದ್ದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಹಲವು ನಾಗರಿಕತೆಗಳು ಎದುರಿಸಿವೆ. ಅವು ಕೊಟ್ಟ ಉತ್ತರಗಳಲ್ಲಿ ಆಯಾ ಸಮಾಜದ ಮುಖವೂ ಕಾಣುತ್ತದೆ.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸಾಕ್ಷಿಯಾಗಲು ಅರ್ಹರಲ್ಲದವರ ಉದ್ದನೆಯ ಪಟ್ಟಿಯಿದೆ. ಅದರಲ್ಲಿ ಅಮಲೇರಿದವನೂ ಇದ್ದಾನೆ. ಆದರೆ ಅವನ ಅಕ್ಕಪಕ್ಕ ಯಾರಿದ್ದಾರೆಂದು ನೋಡಬೇಕು. ಹಸಿವು ಬಾಯಾರಿಕೆಯಿಂದ ಕಂಗೆಟ್ಟವನು, ದಣಿದವನು, ನೊಂದವನು, ಕಾಮಾತುರ, ಸಿಟ್ಟಿಗೆದ್ದವನು. ಅಂದರೆ ಇಲ್ಲಿ ಪ್ರಶ್ನೆ ಮುಖ್ಯವಾಗಿ ಆ ಹೊತ್ತಿನ ಮನಸ್ಥಿತಿಯದ್ದು, ಚಾರಿತ್ರ್ಯದ್ದಲ್ಲ. ಜಾತಿ, ಲಿಂಗಗಳ ತಾರತಮ್ಯ ಆ ಅಧ್ಯಾಯದಲ್ಲಿ ಧಾರಾಳವಾಗಿದೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಒಂದು ವಾಸ್ತವ ಪ್ರಜ್ಞೆಯೂ ಅಲ್ಲಿದೆ. ಹಿಂಸಾಚಾರ, ಕಳವು, ವ್ಯಭಿಚಾರ, ಬೈಗುಳ, ಹೊಡೆದಾಟಗಳ ಪ್ರಕರಣದಲ್ಲಿ ಸಾಕ್ಷಿಗಳ ಅರ್ಹತೆಯನ್ನು ಅತಿಯಾಗಿ ಕೆದಕಬಾರದು ಎಂದು ಅದೇ ಅಧ್ಯಾಯ ಹೇಳುತ್ತದೆ. ಸಾಲಪತ್ರಕ್ಕೆ ಸಾಕ್ಷಿಯನ್ನು ಆರಿಸಿ ತರಬಹುದು. ಕೊಲೆಗಾರ ಸಾಕ್ಷಿಯನ್ನು ಆರಿಸಿ ಚೂರಿ ಎತ್ತುವುದಿಲ್ಲ.

ಫಿಕ್ಹ್ ಶಾಸ್ತ್ರ ಹಿಡಿದ ದಾರಿ ಬೇರೆ. ಸಾಕ್ಷಿಗೆ 'ಅದಾಲತ್' ಇರಬೇಕು ಎಂದು ಅದು ಹೇಳಿತು. ಇಂದು ನಾವು ನ್ಯಾಯಾಲಯಕ್ಕೆ ಬಳಸುವ ಈ ಪದ ಅಲ್ಲಿ ಸಾಕ್ಷಿಯ ನೈತಿಕ ಪ್ರಾಮಾಣಿಕತೆಯ ಹೆಸರು. 1197ರಲ್ಲಿ ನಿಧನರಾದ ಮರ್ಗೀನಾನಿಯವರ 'ಹಿದಾಯ' ಹನಫಿ ಪಂಥದ ಪ್ರಸಿದ್ಧ ಗ್ರಂಥ. ಮೋಜಿಗಾಗಿ ಕುಡಿಯುವ ಚಟವಿರುವವನ ಸಾಕ್ಷ್ಯ ಸ್ವೀಕಾರಾರ್ಹವಲ್ಲ ಎಂದು ಅದು ಹೇಳುತ್ತದೆ. ನಿಷಿದ್ಧವೆಂದು ತಿಳಿದೂ ತಪ್ಪು ಮಾಡುವವನು ಸುಳ್ಳಿಗೂ ಹೇಸಲಾರ ಎಂಬುದು ತರ್ಕ. ಇಲ್ಲಿ ಪ್ರಶ್ನೆ ಆ ಹೊತ್ತಿನ ಅಮಲಿನದ್ದಲ್ಲ, ಇಡೀ ಬದುಕಿನದ್ದು.

ಈ ನಿಯಮದ ಒಳಗಿನ ಚರ್ಚೆ ಬಹಳ ಕುತೂಹಲಕರ. ಮನೆಯೊಳಗೆ ಗುಟ್ಟಾಗಿ ಕುಡಿದವನ ಅದಾಲತ್ ಅಷ್ಟಕ್ಕೇ ಬಿದ್ದುಹೋಗುವುದಿಲ್ಲ, ಅಮಲೇರಿ ಬೀದಿಗೆ ಬಂದು ಮಕ್ಕಳ ಗೇಲಿಗೆ ಗುರಿಯಾಗುವವನದ್ದು ಬೀಳುತ್ತದೆ ಎಂದು ಹನಫಿ ವಿದ್ವಾಂಸರು ವಿವರಿಸಿದರು. ಫಾಸಿಕನಾದರೂ ಜನರಲ್ಲಿ ಘನತೆ, ಮರ್ಯಾದೆ ಇರುವವನಾದರೆ ಅವನ ಸಾಕ್ಷ್ಯ ಸ್ವೀಕರಿಸಬಹುದು, ಅಂಥವನು ಬಾಡಿಗೆ ಸಾಕ್ಷಿಯಾಗಲಾರ ಎಂಬ ಅಭಿಪ್ರಾಯವೊಂದನ್ನು ಇಮಾಮ್ ಅಬೂ ಯೂಸುಫ್‌ರ ಹೆಸರಿನಲ್ಲಿ 'ಹಿದಾಯ' ದಾಖಲಿಸುತ್ತದೆ. ಆದರೆ ಅದು ಸರಿಯಲ್ಲವೆಂದು ಬದಿಗಿಡುತ್ತದೆ. ಬದಿಗಿಟ್ಟದ್ದು ನ್ಯಾಯವೇ. ಆದರೂ ಗೋಡೆಯ ಮರೆಯಲ್ಲಿ ಕುಡಿಯಲು ಗೋಡೆ ಬೇಕಲ್ಲವೇ? ಬೀದಿಯಲ್ಲಿ ತೂರಾಡುವವನು ಬಹುತೇಕ ಬಡವನೇ. ಸಿರಿವಂತನ ಅಮಲು ಯಾರ ಕಣ್ಣಿಗೂ ಬೀಳುವುದಿಲ್ಲ. ಚಾರಿತ್ರ್ಯದ ತಕ್ಕಡಿ ಎಷ್ಟೇ ಸದುದ್ದೇಶದ್ದಾಗಿರಲಿ, ಅದು ವಾಲುವುದು ಈ ಕಡೆಗೇ.

ಭಾರತದಲ್ಲಿ ಈ ಕಾನೂನು ಪುಸ್ತಕದಲ್ಲಷ್ಟೇ ಉಳಿದಿರಲಿಲ್ಲ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಫೌಜ್‌ದಾರಿ ಅದಾಲತ್‌ಗಳು ಇಸ್ಲಾಮೀ ದಂಡನೀತಿಯನ್ನೇ ಅನುಸರಿಸುತ್ತಿದ್ದವು. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ 'ಹಿದಾಯ'ವನ್ನು ಇಂಗ್ಲಿಷಿಗೆ ತಂದ. ಕಂಪೆನಿ ತನ್ನ ಕಟ್ಟಳೆಗಳ ಮೂಲಕ ಆ ದಂಡನೀತಿಯನ್ನು ಹಂತಹಂತವಾಗಿ ಬದಲಿಸಿತು. 1862ರಲ್ಲಿ ಭಾರತೀಯ ದಂಡ ಸಂಹಿತೆ ಜಾರಿಗೆ ಬಂತು. ಹತ್ತು ವರ್ಷಗಳ ಬಳಿಕ, 1872ರಲ್ಲಿ, ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರೂಪಿಸಿದ ಸಾಕ್ಷ್ಯ ಅಧಿನಿಯಮ ಬಂತು. ಅದರ 118ನೇ ಕಲಮು ಹಳೆಯ ಪಟ್ಟಿಗಳನ್ನೆಲ್ಲ ಕೈಬಿಟ್ಟಿತು. ಪ್ರಶ್ನೆಯನ್ನು ಅರ್ಥಮಾಡಿಕೊಂಡು ವಿವೇಚನೆಯಿಂದ ಉತ್ತರಿಸಬಲ್ಲ ಯಾರೂ ಸಾಕ್ಷಿಯಾಗಬಹುದು. ಕುಡುಕ ಎಂಬ ಪದವೇ ಅಲ್ಲಿಲ್ಲ. ಘಟನೆಯ ಹೊತ್ತಿಗೆ ಕುಡಿದಿದ್ದನೇ, ಎಷ್ಟು ಕುಡಿದಿದ್ದ, ಬೆಳಕು ಎಷ್ಟಿತ್ತು, ಬೇರೆ ಆಧಾರ ಅವನ ಮಾತಿಗೆ ಹೊಂದುತ್ತದೆಯೇ ಎಂಬುದೆಲ್ಲ ಸಾಕ್ಷ್ಯದ ತೂಕಕ್ಕೆ ಸೇರಿದ ವಿಷಯ, ಬಾಗಿಲು ಮುಚ್ಚಲು ಕಾರಣವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 124ನೇ ಕಲಮು ಕೂಡ ಇದನ್ನೇ ಉಳಿಸಿಕೊಂಡಿದೆ.

ಆದರೆ ಅದೇ 1872ರ ಕಾಯ್ದೆಯಲ್ಲಿ ಕುಡಿತದ ಮಾತು ಒಂದು ಕಡೆ ಬರುತ್ತದೆ. ಆರೋಪಿ ಕುಡಿದಿದ್ದಾಗ ತಪ್ಪೊಪ್ಪಿಕೊಂಡ ಎಂಬ ಒಂದೇ ಕಾರಣಕ್ಕೆ ಆ ಹೇಳಿಕೆಯನ್ನು ತಳ್ಳಿಹಾಕುವಂತಿಲ್ಲ ಎನ್ನುತ್ತದೆ 29ನೇ ಕಲಮು. ಇಂಗ್ಲೆಂಡಿನ ನ್ಯಾಯಾಲಯ 1835ರಲ್ಲೇ ಇಂಥ ನಿಲುವು ತಳೆದಿತ್ತು. ಹೊಸ ಕಾಯ್ದೆಯಲ್ಲೂ ಇದು ಮುಂದುವರಿದಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಡೆಯುವುದಿಲ್ಲ ಎಂಬ ರಕ್ಷಣೆ ಪ್ರತ್ಯೇಕವಾಗಿ ಇದೆ, ನಿಜ. ಆದರೂ ಯೋಚಿಸಬೇಕು. ಕುಡಿದವನು ತನ್ನ ವಿರುದ್ಧ ಆಡಿದ ಮಾತನ್ನು ಕಾನೂನು ಕೇಳಿಸಿಕೊಳ್ಳುತ್ತದೆ ಎಂದಾದರೆ, ಅವನು ಇತರರ ಬಗ್ಗೆ ಆಡಿದ ಮಾತಿಗೆ ಕಿವಿ ಮುಚ್ಚುವುದು ಹೇಗೆ ನ್ಯಾಯವಾದೀತು?

ವಿಜ್ಞಾನದ ಮಾತೇನು? ಮದ್ಯ ಹೊಸ ನೆನಪುಗಳು ದಾಖಲಾಗುವುದನ್ನು ಕೆಡಿಸುತ್ತದೆ. ಬಹಳ ಕುಡಿದವನಲ್ಲಿ ಗಂಟೆಗಳ ನೆನಪೇ ಅಳಿಸಿಹೋಗಬಹುದು. ಆದರೆ ಮಿತವಾಗಿ ಕುಡಿದವರು ಹೇಳುವ ವಿವರಗಳು ಕಡಿಮೆಯಾದರೂ, ಹೇಳಿದಷ್ಟು ಹೆಚ್ಚಾಗಿ ಸರಿಯೇ ಇರುತ್ತದೆ ಎಂದು ಇತ್ತೀಚಿನ ದಶಕಗಳ ಪ್ರಯೋಗಗಳು ತೋರಿಸಿವೆ. ಅಮಲು ಇಳಿಯಲೆಂದು ದಿನಗಟ್ಟಲೆ ಕಾಯುವುದಕ್ಕಿಂತ ಬೇಗನೆ ಕೇಳುವುದೇ ಲೇಸು. ಏಕೆಂದರೆ ಕಾಲವೂ ನೆನಪನ್ನು ತಿನ್ನುತ್ತದೆ.

ಇದರ ಬಿಸಿ ತಟ್ಟುವುದು ಯಾರಿಗೆ? ಹೆಂಡದಂಗಡಿಯ ಮುಂದೆ ಚೂರಿಯೇಟು ಬಿದ್ದರೆ ಅದನ್ನು ಕಂಡವರೆಲ್ಲ ಕುಡಿದವರೇ ಆಗಿರಬಹುದು. ಅವರ ಮಾತು ಬೇಡವೆಂದರೆ ಅಲ್ಲಿ ಸತ್ತ ಕೂಲಿಯ ಹೆಂಡತಿಗೆ ನ್ಯಾಯ ಎಲ್ಲಿಂದ ಬರಬೇಕು? ಇನ್ನೂ ಮುಖ್ಯವಾದುದು ಮಹಿಳೆಯ ಪ್ರಶ್ನೆ. ಅಮಲಿನಿಂದಾಗಿ ಪರಿಣಾಮ ಅರಿಯಲಾಗದ ಸ್ಥಿತಿಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಅದು ಅತ್ಯಾಚಾರ ಎಂದು 1983ರ ತಿದ್ದುಪಡಿ ಹೇಳಿತು. ಅಂಥ ಪ್ರಕರಣದಲ್ಲಿ ಮುಖ್ಯ ಸಾಕ್ಷಿ ಆ ಮಹಿಳೆಯೇ. ಕುಡಿದಿದ್ದಳು ಎಂದು ಅವಳ ಬಾಯಿ ಮುಚ್ಚಿಸಿದರೆ ಆ ಕಾನೂನಿಗೆ ಅರ್ಥವೇ ಉಳಿಯುವುದಿಲ್ಲ. ಸಂತ್ರಸ್ತೆಯ ನಡತೆ ಕೆಟ್ಟದ್ದೆಂದು ತೋರಿಸಿ ಅವಳ ಮಾತನ್ನು ಅಲ್ಲಗಳೆಯಲು ಅವಕಾಶವಿದ್ದ ಉಪಕಲಮನ್ನು 2002ರ ತಿದ್ದುಪಡಿ ತೆಗೆದುಹಾಕಿತು. ಕಾಯ್ದೆಯಿಂದ ಹೋದದ್ದು ಮನಸ್ಸಿನಿಂದಲೂ ಹೋಗಬೇಕಾಗಿದೆ.

ಮದ್ಯಪಾನ ಕೆಡುಕು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಕುಡಿತಕ್ಕೆ ಕೊಡಬೇಕಾದ ಶಿಕ್ಷೆಯನ್ನು ಸತ್ಯಕ್ಕೆ ಕೊಡಬಾರದು. ಮದೀನದ ಆ ಮೊಕದ್ದಮೆಯಲ್ಲಿ ಅಬೂ ಹುರೈರ(ರ) ಕಂಡಷ್ಟನ್ನೇ ಹೇಳಿದರು, ಕಾಣದ್ದನ್ನು ಸೇರಿಸಲಿಲ್ಲ. ಕುಡಿದವನಿಂದಲೂ ನಾವು ಕೇಳಬೇಕಾದದ್ದು ಅಷ್ಟನ್ನೇ: ನೀನು ಕಂಡದ್ದೇನು? ಉತ್ತರವನ್ನು ತೂಗುವ ಕೆಲಸ ಆಮೇಲಿನದು.